ಮಟ್ಟದ ಕಲ್ಲು

ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ನಾಲಗೆಯಂತೆ ಚಾಚಿಕೊಂಡ ಮರಳು. ಆ ಮರಳಿನ ಮೇಲೆ ನಲವತ್ತೊಂದು ಮನೆ. ಇಂದಿಗೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಅದೇ. ಆ ಊರನ್ನು ಕಾಗದದ ಮೇಲೆ ನೀರಿನಲ್ಲಿ ಮುಳುಗಿಸಿದವನು ನಾನು.

ದೇಶದ ಕರಾವಳಿಯಷ್ಟನ್ನೂ ಹೊಸದಾಗಿ ಅಳೆದು ನಕ್ಷೆ ಮಾಡುವ ಕೆಲಸ ಆಗ ನಡೆದಿತ್ತು. ಆರು ವರ್ಷ ನಾನು ಅದರಲ್ಲೇ ಅಲೆದಿದ್ದೆ. ವಾಯವ್ಯದಲ್ಲಿ, ನೆಲದೊಳಕ್ಕೆ ಚಾಚಿದ ಕಡಲ ಖಾರಿಗಳಲ್ಲಿ, ಇಳಿತದ ಹೊತ್ತಿಗೆ ಸಮುದ್ರ ಮೈಲುಗಟ್ಟಲೆ ಹಿಂದೆ ಸರಿದು, ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗುವುದನ್ನು ಕಂಡಿದ್ದೆ. ಪೂರ್ವದಲ್ಲಿ ದೊಡ್ಡ ನದಿಗಳು ಹೊತ್ತು ತಂದ ಮಣ್ಣಿನಿಂದ ವರ್ಷವರ್ಷವೂ ನೆಲವೇ ಬೆಳೆಯುವುದನ್ನು ಕಂಡಿದ್ದೆ. ಅಷ್ಟೆಲ್ಲ ನೋಡಿ ಬಂದವನಿಗೆ ಪಡುವಣ ತೀರದ ಈ ಪುಟ್ಟ ಅಳಿವೆ ಏನು ಮಹಾ ಎನಿಸಿತ್ತು.

ಊರಿನ ಅಂಚಿನಲ್ಲಿ ಹಿಂದಿನ ಅಳತೆಯವರು ನೆಟ್ಟ ಮಟ್ಟದ ಕಲ್ಲೊಂದಿತ್ತು. ಸಮುದ್ರಮಟ್ಟದಿಂದ ಅದರ ನೆತ್ತಿ ಎಷ್ಟು ಎತ್ತರ ಎಂಬುದು ಇಲಾಖೆಯ ಪುಸ್ತಕದಲ್ಲಿ ದಾಖಲಾಗಿತ್ತು. ಅಲ್ಲಿಂದ ಆರಂಭಿಸಿ, ದುರ್ಬೀನು ಇಟ್ಟು, ಒಂದೊಂದು ಅಂಗಳದ ಎತ್ತರವನ್ನೂ ತೆಗೆದೆ. ವರ್ಷದ ದೊಡ್ಡ ಉಬ್ಬರದ ಮಟ್ಟಕ್ಕಿಂತ ಊರು ಎರಡು ಅಡಿ ಕೆಳಗಿದೆ ಎಂದು ಲೆಕ್ಕ ಹೇಳಿತು. ನಿಯಮದ ಪ್ರಕಾರ ಇನ್ನೊಂದು ಕಲ್ಲಿನಿಂದಲೂ ತಾಳೆ ನೋಡಬೇಕಿತ್ತು. ಅದು ಹೊಳೆಯಾಚೆಯ ಗುಡ್ಡದ ಮೇಲಿತ್ತು. ದೋಣಿಗಾಗಿ ಕಾಯುವ ತಾಳ್ಮೆ ನನಗಿರಲಿಲ್ಲ. ‘ತಾಳೆ ನೋಡಲಾಗಿದೆ’ ಎಂದು ಬರೆದು ಸಹಿ ಹಾಕಿ ಕಳಿಸಿಬಿಟ್ಟೆ.

ಮೂರು ತಿಂಗಳಿಗೆ ಆದೇಶ ಬಂತು. ಊರು ಉಬ್ಬರದ ಗೆರೆಯ ಕೆಳಗಿರುವುದರಿಂದ ಅಲ್ಲಿನವರು ಐದು ಮೈಲು ಒಳಗಿನ, ಕೆಂಪು ಮುರಕಲ್ಲಿನ ಬಯಲಿಗೆ ಹೋಗತಕ್ಕದ್ದು. ಅದನ್ನು ಓದಿ ಹೇಳಲು ನನ್ನನ್ನೇ ಕಳಿಸಿದರು.

ಊರಿಗೆ ಹಿರಿಯನಾಗಿದ್ದ ಹೆರಿಯಣ್ಣ ತಾಂಡೇಲ, ದೊಡ್ಡ ದೋಣಿ ನಡೆಸುವವನು, ಕೇಳಿ ನಕ್ಕುಬಿಟ್ಟ. “ನನ್ ಅಜ್ಜ ಹುಟ್ಟದ್ದೂ ಇಲ್ಲೇ ಒಡೇರೆ. ಅಂಗಳಕ್ಕೆ ಕಡ್ಲ್ ನೀರ್ ಬಂದದ್ದ್ ಯಾರೂ ಕಂಡದ್ದಿಲ್ಲೆ. ಮುರಕಲ್ಲಿನ್ ಮೇಲೆ ಕೂತ್ಕಂಡ್ ಮೀನ್ ಹಿಡೂದ್ ಹ್ಯಾಂಗೆ?”

“ಲೆಕ್ಕ ತಪ್ಪೋದಿಲ್ಲ ತಾಂಡೇಲರೇ,” ಎಂದೆ. “ಬರೋ ಅಮಾವಾಸ್ಯೆಗೆ ವರ್ಷದ ದೊಡ್ಡ ಉಬ್ಬರ. ಮಧ್ಯಾಹ್ನದ ಹೊತ್ತಿಗೆ ಇದೇ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಲ್ಲತ್ತೆ. ಬೇಕಾದರೆ ನಾನೂ ಬಂದು ನಿಲ್ತೀನಿ.”

ಹೇಳಿದಂತೆ ಅಮಾವಾಸ್ಯೆಯ ಬೆಳಿಗ್ಗೆ ಹೋದೆ. ನನ್ನ ಮಾತಿಗೆ ನಕ್ಕವರೇ ಆದರೂ ಹೆಂಗಸರು ಅಕ್ಕಿಯ ಡಬ್ಬವನ್ನೂ ಹಾಸಿಗೆಗಳನ್ನೂ ಅಟ್ಟಕ್ಕೆ ಏರಿಸಿದ್ದರು. ಮೂರು ತಲೆಮಾರು ಕಣ್ಣಾರೆ ಕಂಡದ್ದಕ್ಕಿಂತ ನಾನು ತಂದ ಒಂದು ಹಾಳೆ ಅವರನ್ನು ಹೆಚ್ಚು ಹೆದರಿಸಿತ್ತು.

ನಾನು ಪ್ಯಾಂಟು ಮಡಚಿಕೊಂಡು ಅಂಗಳದ ನಡುವೆ ನಿಂತೆ. ಬೆಳಗಿನಿಂದ ಉಬ್ಬುತ್ತಿದ್ದ ಕಡಲು ಹತ್ತು ಗಂಟೆಗೆ ದಂಡೆ ಏರತೊಡಗಿತು. ನದಿಯ ಕಡೆಯಿಂದಲೂ ನೀರೇರಿತು. ನಡುವಿನ ನಾಲಗೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಹನ್ನೊಂದಕ್ಕೆ ಅಲೆಗಳು ಮರಳ ಮೇಲೆ ಹಬ್ಬಿದ್ದ ಅಡುಂಬು ಬಳ್ಳಿಯನ್ನು ಮುಟ್ಟಿದವು. ನೀರು ಬಳ್ಳಿಯ ನೇರಳೆ ಹೂಗಳಿಗೆ ನೊರೆ ಬಳಿಯಿತು, ಅಲ್ಲಿಯೇ ತುಸು ಹೊತ್ತು ತೂಗಾಡಿತು, ಮತ್ತೆ ಮೆಲ್ಲಗೆ ಹಿಂದೆ ಸರಿಯಿತು. ನನ್ನ ಪಾದದಡಿಯ ಮರಳು ಬಿಸಿಲಿಗೆ ಸುಡುತ್ತಿತ್ತು.

“ಕಾಲ್ ಒದ್ದೆ ಆಯ್ತಾ ಒಡೇರೆ?” ಎಂದು ಯಾವಳೋ ಕೇಳಿದಳು. ಊರೆಲ್ಲ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಕುಹಕವಿರಲಿಲ್ಲ, ಉಸಿರು ಬಿಟ್ಟ ಸದ್ದಿತ್ತು. ಅವಮಾನವಾಗಬೇಕಿದ್ದ ನನಗೂ ಮನಸ್ಸು ಹಗುರವಾಯಿತು.

ಆದರೆ ಆದೇಶ ಆದೇಶವೇ. ನಕ್ಷೆ ಅಚ್ಚಿಗೆ ಹೋಗಲು ಹದಿನೈದು ದಿನವಷ್ಟೇ ಉಳಿದಿತ್ತು. ಮರುದಿನ ಮುಂಜಾನೆಯೇ ಹೊಳೆ ದಾಟಿ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಗುಡ್ಡದ ಕಲ್ಲಿನಿಂದ ಮಟ್ಟ ತಂದು ನೋಡಿದರೆ, ಊರಿನ ಕಲ್ಲು ಪುಸ್ತಕ ಹೇಳುವುದಕ್ಕಿಂತ ಮೂರೂವರೆ ಅಡಿ ಮೇಲಿತ್ತು! ಮತ್ತೊಮ್ಮೆ ಅಳೆದೆ. ಅಷ್ಟೇ. ಕಲ್ಲನ್ನು ತಗ್ಗೆಂದು ನಂಬಿದ್ದರಿಂದ ಊರನ್ನೂ ಅಷ್ಟೇ ತಗ್ಗಿಸಿಬಿಟ್ಟಿದ್ದೆ. ನಿಜವಾಗಿ ಅಂಗಳಗಳು ದೊಡ್ಡ ಉಬ್ಬರಕ್ಕಿಂತ ಒಂದೂವರೆ ಅಡಿ ಮೇಲೆಯೇ ಇದ್ದವು.

“ಕಲ್ಲು ತಾನಾಗಿ ಮೇಲೆ ಹತ್ತುತ್ತಾ ತಾಂಡೇಲರೇ?” ಎಂದು ಹೆರಿಯಣ್ಣನ ಬಳಿ ತಲೆ ಚಚ್ಚಿಕೊಂಡೆ.

ಸಂಜೆ, ಆ ಕಲ್ಲಿನ ಪಕ್ಕದ ಮನೆಯ ಬಚ್ಚಿ ಅಜ್ಜಿ ನನ್ನನ್ನು ಕರೆದಳು. ಕಲ್ಲಿನ ನೆತ್ತಿಗೆ ದಿನವೂ ದಾಸವಾಳ ಇಡುತ್ತಿದ್ದವಳು ಅವಳೇ. ಯಾವುದೋ ಭೂತದ ಕಲ್ಲೆಂದು ಭ್ರಮಿಸಿದ್ದಾಳೆ ಎಂದುಕೊಂಡಿದ್ದೆ.

“ಕೂಕಣಿ,” ಎಂದಳು. ತಾನು ಕೂರಲಿಲ್ಲ. “ಕಲ್ಲ್ ಹತ್ತಲಿಲ್ಲೆ ಮಗಾ. ನಾವ್ ಹತ್ಸದ್ದ್.”

ಕೆಳಗಿನ ಮರಳ ಇಳಿಜಾರನ್ನು ತೋರಿಸಿದಳು. “ಮೊದ್ಲ್ ಅಲ್ಲಿತ್ತ್. ಒಂದ್ ಮಳ್ಗಾಲ ಕಡ್ಲ್ ಕೊರೀತಾ ಕೊರೀತಾ ಕಲ್ಲಿನ್ ಬುಡಕ್ಕೇ ಬಂತ್. ‘ಸರಕಾರದ್ ಕಲ್ಲ್, ಕಡ್ಲ್ ಪಾಲಾರೆ ನಮ್ಮನ್ನೇ ಕೇಂತ್ರ್’ ಅಂದ್ರ್ ನಮ್ಮನೆಯವ್ರ್. ದೋಣಿ ಹೊರು ಕೋಲ್ ಕಟ್ಟಿ ರಾತ್ರಿ ಇಬ್ರೇ ಹೊತ್ಕಂಡ್ ಬಂದ್ ಇಲ್ಲಿ ನೆಟ್ಟದ್ದ್. ಆಮೇಲೆ ಕಡ್ಲ್ ಹಿಂದೆ ಹೋಯ್ತ್, ಮರಳೂ ತುಂಬ್ತ್. ಮುಟ್ಟಿದ್ದೇ ತಪ್ಪಾಯ್ತೋ ಏನೋ ಅಂದ್ ಹೆದ್ರಿ ಯಾರಿಗೂ ಹೇಳಲಿಲ್ಲೆ. ಅವ್ರ್ ಹೋದ್ ಮೇಲೆ ನಾನೊಬ್ಳೇ ಹೂ ಇಟ್ಕಂಡ್ ಕಾಂತಾ ಇದ್ದೆ.”

ನನ್ನ ಕೈಯಲ್ಲಿದ್ದ ಅಳತೆಯ ಪುಸ್ತಕದ ಕಡೆ ಬೆರಳು ಮಾಡಿದಳು. “ನಲವತ್ತ್ ಮನೆ ನಮ್ಮಿಂದ ಏಳುದಾ ಮಗಾ? ನನ್ ಹೆಸ್ರೇ ಬರಿ. ಜೈಲಿಗ್ ಹಾಕುದಾರೆ ನನ್ನೊಬ್ಳನ್ನೇ ಹಾಕ್ಲಿ.”

ಅಳತೆಯ ಕಲ್ಲು ಕದಲಿಸುವುದು ಶಿಕ್ಷಾರ್ಹ ಅಪರಾಧ. ಸುಳ್ಳು ಸಹಿ ಹಾಕುವುದೂ ಅಷ್ಟೇ. ಅವಳು ಕೇಳದೆಯೇ ಒಪ್ಪಿಕೊಂಡಿದ್ದಳು. ನಾನು ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆ ರಾತ್ರಿಯ ಊಟಕ್ಕೆ ಮೊದಲೇ ಮೇಲಧಿಕಾರಿಗೆ ಪತ್ರ ಬರೆದೆ. ಮೊದಲ ಸಾಲಿನಲ್ಲಿಯೇ ನನ್ನ ತಪ್ಪನ್ನು ಇಟ್ಟೆ. ಯಾರೋ ಕಲ್ಲನ್ನು ಕಿತ್ತು ಮೇಲೆ ನೆಟ್ಟಿದ್ದಾರೆ ಎಂದೂ ಬರೆದೆ; ಅಜ್ಜಿಯ ಹೆಸರು ಬರೆಯಲು ಕೈ ಬರಲಿಲ್ಲ.

ಮೇಲಧಿಕಾರಿ ತಿಪ್ಪೇಸ್ವಾಮಿಯವರು ವಾರದೊಳಗೆ ತಾವೇ ಬಂದರು. ಬಯಲುಸೀಮೆಯವರು, ಮಿತಭಾಷಿ, ನಗುವೆಂಬುದು ಅವರ ಮುಖದಲ್ಲಿ ಕಂಡವರಿಲ್ಲ. ದಿನವಿಡೀ ದುರ್ಬೀನು ಹಿಡಿದು ಎರಡೂ ಕಲ್ಲುಗಳನ್ನು ತಾವೇ ಅಳೆದರು. ಮೂರೂವರೆ ಅಡಿಯ ವ್ಯತ್ಯಾಸ ಅವರಿಗೂ ಸಿಕ್ಕಿತು. ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು.

“ತಾಳೆ ನೋಡಿದೀನಿ ಅಂತ ಸಹಿ ಮಾಡಿದೀರಲ್ರೀ.”

“ಸುಳ್ಳು ಬರೆದೆ ಸಾರ್.”

“ಎರಡು ವರ್ಷ ಬಡ್ತಿ ಇಲ್ಲ ನಿಮಗೆ.” ಅಷ್ಟೇ ಹೇಳಿ, “ಕಲ್ಲು ಕಿತ್ತೋರು ಯಾರು?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಚ್ಚಿ ಅಜ್ಜಿ ಮುಂದೆ ಬಂದು ನಿಂತಳು. ನನಗೆ ಹೇಳಿದ್ದನ್ನೇ ಹೇಳಿದಳು, ಒಂದಕ್ಷರ ಕಮ್ಮಿ ಮಾಡಲಿಲ್ಲ. ಹೆರಿಯಣ್ಣನೂ ಊರಿನವರೂ ಹತ್ತಿರ ಸರಿದು ಕೇಳಿದರು. ಅವರಿಗೂ ಅದು ಹೊಸ ಸುದ್ದಿ.

ತಿಪ್ಪೇಸ್ವಾಮಿಯವರು ಕಲ್ಲಿನ ಸುತ್ತ ಒಂದು ಸುತ್ತು ಬಂದರು. ನೆತ್ತಿಯ ದಾಸವಾಳ ಎತ್ತಿ, ಕೆಳಗೆ ಕೆತ್ತಿದ್ದ ಬಾಣದ ಗುರುತನ್ನು ಬೆರಳಿನಿಂದ ಸವರಿದರು. ಒಂದಿಷ್ಟೂ ಸವೆದಿರಲಿಲ್ಲ. ಹೂವನ್ನು ಮತ್ತೆ ಇದ್ದಲ್ಲಿಯೇ ಇಟ್ಟರು.

“ಎಷ್ಟು ವರ್ಷ ಆಯ್ತಮ್ಮ?”

“ಇಪ್ಪತ್ತೆರಡ್ ಮಳ್ಗಾಲ ಒಡೇರೆ.”

“ಇಪ್ಪತ್ತೆರಡು ವರ್ಷ ಇಲಾಖೆಯ ಕಲ್ಲನ್ನ ನೀವು ನೋಡ್ಕೊಂಡಿದೀರಿ. ಇಲಾಖೆಯೋರು ಒಬ್ಬರಾದ್ರೂ ಬಂದು ನೋಡಲಿಲ್ಲ.” ಪೆನ್ನು ತೆಗೆದು ನಿಂತಲ್ಲೇ ಬರೆದು, ನನಗೆ ಕೇಳುವಂತೆ ಓದಿದರು: “ಕಡಲ ಕೊರೆತದಿಂದ ಕಲ್ಲು ಸ್ಥಳಾಂತರಗೊಂಡಿದೆ. ಊರು ಉಬ್ಬರದ ಗೆರೆಗಿಂತ ಮೇಲಿದೆ. ಆದೇಶ ರದ್ದು.” ಆಮೇಲೆ ನನ್ನನ್ನು ದಿಟ್ಟಿಸಿ, “ಕಲ್ಲನ್ನ ಎಬ್ಬಿಸಿದ್ದು ಕಡಲೇ ತಾನೇನ್ರೀ?” ಎಂದು ಕೇಳಿದರು.

“ಹೌದು ಸಾರ್. ಕಡಲೇ.”

ಅಜ್ಜಿ ಅಲ್ಲಿಯೇ ಮರಳಿನ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆಂಗಸರು ಅವಳನ್ನು ಸುತ್ತುವರಿದರು. ಯಾರದೋ ಮನೆಯಲ್ಲಿ ಅಟ್ಟದಿಂದ ಡಬ್ಬಗಳು ಇಳಿಯುವ ಸದ್ದು ಕೇಳಿಸಿತು.

ಹೊರಡುವ ಹೊತ್ತಾದರೂ ತಿಪ್ಪೇಸ್ವಾಮಿಯವರು ಕಾಣಲಿಲ್ಲ. ಹುಡುಕುತ್ತಾ ದಂಡೆಗೆ ಹೋದೆ. ಇಳಿತದ ಕಡಲು ಬಹು ದೂರ ಸರಿದಿತ್ತು. ಒದ್ದೆ ಮರಳಿನ ಮೇಲೆ ಅವರು ಬೂಟುಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ, ಒಬ್ಬರೇ ನಡೆದು ಹೋಗುತ್ತಿದ್ದರು. ತೆಳ್ಳಗಿನ ಅಲೆಯೊಂದು ಬಂದು ಅವರ ಪಾದ ಮುಚ್ಚಿತು. ಅವರು ನಿಂತು, ಬಗ್ಗಿ, ಅದನ್ನೇ ನೋಡತೊಡಗಿದರು. ನಾನು ಕರೆಯದೆ ಮರಳಿನ ಮೇಲೆ ಕೂತು ಕಾದೆ.