ಕೊಡೆಯಮ್ಮನ ಕಾಲುದಾರಿ

ಕ್ಷೌರಿಕನಿಗೆ ಗುಡ್ಡ ಹತ್ತುವ ಹುಚ್ಚು ಯಾವತ್ತೂ ಇರಲಿಲ್ಲ. ಅದು ಅವನ ಹೆಂಡತಿಯ ಹುಚ್ಚು. ಆಕೆ ತೀರಿಕೊಂಡ ಮೇಲೆ ಅವನಿಗೆ ಯಾವ ಹುಚ್ಚೂ ಉಳಿದಿರಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ, ಕೈ ತನ್ನ ಪಾಡಿಗೆ ತಾನು ಕತ್ತರಿ ಆಡಿಸುತ್ತಿತ್ತು, ಸಂಜೆ ಬಾಗಿಲೆಳೆದು ಮನೆಗೆ ಹೋಗಿ ಇದ್ದದ್ದನ್ನು ತಿಂದು ಮಲಗುತ್ತಿದ್ದ. ಅತ್ತದ್ದೇ ಇಲ್ಲ. ಗಿರಾಕಿಗಳು ಕನ್ನಡಿಯೊಳಗಿಂದ ಅಯ್ಯೋ ಪಾಪ ಅಂದರೆ, “ಕಿವಿ ಹತ್ರ ಇನ್ನೂ ಸಣ್ಣಗೆ ಮಾಡ್ಲಾ?” ಎಂದು ಕೇಳುತ್ತಿದ್ದ. ಇಂಥವನನ್ನು ಏನು ಮಾಡುವುದು ಹೇಳಿ.

ಅವನ ಅಕ್ಕ ಸುಮ್ಮನೆ ಬಿಡುವ ಪೈಕಿ ಅಲ್ಲ. ಗುಡ್ಡದ ನಡಿಗೆ ದಾರಿಯನ್ನು ನೋಡಿಕೊಳ್ಳಲು ಊರಿನವರದೇ ಒಂದು ಗುಂಪಿತ್ತು. ಸಂಬಳವಿಲ್ಲ, ಸಾರಿಗೆಯಿಲ್ಲ; ರಜೆಯ ದಿನ ಬೆಳಿಗ್ಗೆ ಹೋಗಿ ಪೊದೆ ಸವರುವುದು, ಮಳೆನೀರಿನ ಚರಂಡಿ ಬಿಡಿಸುವುದು, ಜಾರಿದ ಮೆಟ್ಟಿಲುಗಲ್ಲು ಕೂರಿಸುವುದು. ಅಕ್ಕ ಅವನನ್ನು ಒಂದು ಮಾತೂ ಕೇಳದೆ ಆ ಗುಂಪಿಗೆ ಸೇರಿಸಿಬಿಟ್ಟಳು.

“ರಜೆ ದಿನ ಮನೇಲಿ ಕೂತು ಏನು ಕಡಿದು ಕಟ್ಟೆ ಹಾಕ್ತೀಯ? ಅವಳು ಅಷ್ಟು ಆಸೆಯಿಂದ ನಡೀತಿದ್ದ ದಾರಿ ಕಣೋ. ಹೋಗಿ ಒಂದಿಷ್ಟು ಕಳೆನಾದ್ರೂ ಕೀಳು.”

“ಹೂಂ,” ಎಂದ. ಬೇಡ ಅನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.

ಅವನನ್ನು ಬೀಳದಂತೆ ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಮಾತು. ಹೆಂಡತಿ ಕುಸಿದ ದಿನ ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯ ಎಷ್ಟೋ ತಿಂಗಳಿಂದ ಸೋತಿತ್ತು, ಏದುಸಿರು, ಸುಸ್ತು ಏನೂ ಕಾಣಲಿಲ್ವಾ ಎಂದು ಕೇಳಿದ್ದರು. “ಹೋದ ವಾರದ ತನಕ ಗುಡ್ಡದ ತುದಿ ಹತ್ತುತ್ತಿದ್ದಳು ಡಾಕ್ಟ್ರೇ,” ಎಂದಿದ್ದ. ಆಮೇಲೆ ಅತ್ತೆಗೆ, ಮಾವನಿಗೆ, ಗಿರಾಕಿಗಳಿಗೆ, ಕೇಳಿದವರಿಗೆ, ಕೇಳದವರಿಗೆ ಅದನ್ನೇ ಹೇಳಿದ. ತುದಿ ಹತ್ತುವವಳಿಗೆ ಕಾಯಿಲೆ ಅಂತ ಯಾವ ಗಂಡ ತಾನೆ ಊಹಿಸಿಯಾನು? ಎಲ್ಲರೂ ಹೌದೆಂದು ತಲೆಯಾಡಿಸಿದರು. ಆ ಮಾತು ಇಲ್ಲದಿದ್ದರೆ ಅವನು ಯಾವತ್ತೋ ನೆಲ ಕಚ್ಚುತ್ತಿದ್ದ.

ಅದಕ್ಕೆ ಪುರಾವೆಯೂ ಇತ್ತು ಅನ್ನಿ. ತುದಿಯಿಂದ ನೋಡಿದರೆ ಪೇಟೆ, ಪೇಟೆಯಲ್ಲಿ ಅವನ ಅಂಗಡಿಯ ಬೋರ್ಡು ಕಾಣುತ್ತದೆ. ಸಂಜೆ ಆರಕ್ಕೆ ಅವಳಿಗೆ ಕಾಣಲೆಂದು ಅವನು ಬೋರ್ಡಿನ ದೀಪವನ್ನು ಹಾಕಿ, ಆರಿಸಿ, ಮತ್ತೆ ಹಾಕುತ್ತಿದ್ದ. ಗಂಡ ಹೆಂಡಿರ ನಡುವಿನ ಮಕ್ಕಳಾಟ. ಮುಖಕ್ಕೆ ಸೋಪು ಮೆತ್ತಿಕೊಂಡ ಗಿರಾಕಿ ಗೊಣಗಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ರಾತ್ರಿ ಅವನು ಮನೆಗೆ ಬಂದರೆ ಅವಳು, “ಕಂಡಿತು ರೀ. ಇವತ್ತು ದೀಪ ಯಾಕೆ ತಡ, ಅಂಗಡಿ ತುಂಬಾ ಜನಾನಾ?” ಎನ್ನುವಳು. ಅಂಗಡಿಯಲ್ಲಿ ಜನ ಇಲ್ಲದ ಸಂಜೆಯಾದರೂ ಯಾವುದಿತ್ತು.

ಗುಂಪಿನ ಹಿರಿಯಳು ನಿವೃತ್ತ ನರ್ಸಮ್ಮ. ಗುದ್ದಲಿ ಹಿಡಿದರೂ ಇಂಜೆಕ್ಷನ್ ಕೊಡುವವಳ ಗತ್ತೇ. ಅವನು ಹೋದ ಮೊದಲ ದಿನ ಬಂದವರಿಗೆಲ್ಲ ಕೆಲಸ ಹಂಚಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಏನು ಕೆಲಸ ಮಾಡ್ತೀರಿ?”

“ಕಟಿಂಗ್ ಶಾಪು.”

“ಹಾಗಾದ್ರೆ ಒಪ್ಪವಾಗಿ ಮಾಡ್ತೀರಿ. ನನ್ನ ಜೊತೆ ಬನ್ನಿ.”

ಮೂರನೇ ತಿರುವಿನಲ್ಲಿ ದಾರಿ ಕಡಿದಾಗಿ ಕಲ್ಲುಮೆಟ್ಟಿಲಾಗುತ್ತದೆ. ಅಲ್ಲಿ ಎಡಕ್ಕೆ, ಪೊದೆಗಳ ನಡುವೆ ಒಂದು ಸಣ್ಣ ಕಾಲುದಾರಿ ಸವೆದಿತ್ತು. ಇಂಥ ಅಡ್ಡದಾರಿಯಿಂದ ಗುಡ್ಡದ ಮಣ್ಣು ಕೊಚ್ಚಿಹೋಗುತ್ತದೆಂದು ಅದನ್ನು ಮುಚ್ಚಬೇಕಿತ್ತು. ದಾರಿಯ ಬಾಯಿಗೆ ಕಲ್ಲಿಟ್ಟು ಕೈ ತೊಳೆದುಕೊಂಡರೆ ನರ್ಸಮ್ಮ ಒಪ್ಪುವವಳಲ್ಲ; ಜನ ಕಲ್ಲು ದಾಟಿ ಹೋಗುತ್ತಾರಂತೆ. ಕೊನೆಯಿಂದ ಶುರುಮಾಡಿ, ತುಳಿದು ಗಟ್ಟಿಯಾದ ನೆಲವನ್ನು ಉದ್ದಕ್ಕೂ ಅಗೆದು ಸಡಿಲ ಮಾಡುತ್ತ, ಒಣಕೊಂಬೆ ಹಾಸುತ್ತ ಹಿಂದೆ ಹಿಂದೆ ಬರಬೇಕು. ಆಗ ಬೀಜ ಬಿದ್ದು ಹುಲ್ಲು ಬರುತ್ತದೆ, ದಾರಿ ತಾನಾಗಿ ಮರೆಯಾಗುತ್ತದೆ.

ಹೀಗಾಗಿ ಇಬ್ಬರೂ ಮೊದಲು ಅದರ ಕೊನೆಯವರೆಗೆ ನಡೆದರು. ಏರಿಲ್ಲ, ಇಳಿತವಿಲ್ಲ, ಬೊಗಸೆ ನೀರು ಹಿಡಿದುಕೊಂಡು ಹೋದರೂ ತುಳುಕದಷ್ಟು ಸಪಾಟು. ಕೊನೆಯಲ್ಲಿ ಒಂದು ಚಪ್ಪಟೆ ಬಂಡೆ. ಎದುರಿಗೆ ಗುಡ್ಡದ್ದೇ ಇನ್ನೊಂದು ಮಗ್ಗುಲು ಅಡ್ಡ ನಿಂತಿತ್ತು. ಅಲ್ಲಿಗೆ ಮುಗಿಯಿತು.

“ಇದು ಯಾವ ದಾರಿ, ಎಲ್ಲಿಗೂ ಹೋಗಲ್ಲ,” ಎಂದ, ಗುದ್ದಲಿ ಹಾಕುತ್ತ.

“ನಮ್ಮ ಕೊಡೆಯಮ್ಮನ ದಾರಿ. ನಾವಿಟ್ಟ ಹೆಸರು ಅದು. ಬಿಸಿಲಿರಲಿ ಮಳೆಯಿರಲಿ ಒಂದು ಗಂಡಸರ ಕೊಡೆ ಊರಿಕೊಂಡು ಬರೋರು. ಹಿಡಿಗೆ ಕೆಂಪು ಬಟ್ಟೆ ಸುತ್ತಿರೋದು.”

ಆ ಕೊಡೆ ಅವನದು. ಹಿಡಿ ಸೀಳಿದ್ದಕ್ಕೆ ಕೆಂಪು ಬಟ್ಟೆ ಸುತ್ತಿ ಹೊಲಿದವಳು ಹೆಂಡತಿ. ಅವನ ಕೈ ನಿಲ್ಲಲಿಲ್ಲ. ಗುದ್ದಲಿ ಎದ್ದಿತು, ಬಿದ್ದಿತು. ಎದೆಯೊಳಗೆ ಏನಾದರೂ ಆಗಬೇಕಿತ್ತು, ಆಗಲಿಲ್ಲ.

“ತುದಿಗೆ ಹೋಗ್ತಿರಲಿಲ್ವಾ?”

“ಎಲ್ಲಿಂದ ಹೋಗೋದು. ಸಂಜೆ ದಾರಿ ನೋಡಿಕೊಂಡು ಬರೋವಾಗೆಲ್ಲ ನೋಡ್ತಿದ್ದೆ; ವರ್ಷದಿಂದ ಈ ಮೂರನೇ ತಿರುವೇ ಅವರ ತುದಿ. ಮೆಟ್ಟಿಲು ಹತ್ತೋಕಾಗದೆ ಈ ಕಡೆ ತಿರುಗೋರು. ಇಲ್ಲಿ ಕೂತು, ಕತ್ತಲಾಗೋ ಹೊತ್ತಿಗೆ ಎದ್ದು ಹೋಗೋರು. ಅಡ್ಡದಾರಿ ಕಂಡಕೂಡಲೇ ಮುಚ್ಚಬೇಕು ಅಂತ ನಮ್ಮ ನಿಯಮ; ಅವರಿಗೋಸ್ಕರ ಇದೊಂದನ್ನ ನೋಡಿಯೂ ನೋಡದ ಹಾಗೆ ಬಿಟ್ಟಿದ್ದೆ. ಈಗ ಅವರು ಬರ್ತಾ ಇಲ್ಲ.”

ಅವನು ತಲೆಯೆತ್ತಿ ನೋಡಿದ. ಪೇಟೆ ಇಲ್ಲ, ಬೀದಿ ಇಲ್ಲ, ಬೋರ್ಡಿಲ್ಲ. ಎದುರಿಗೆ ಬರೀ ಕಲ್ಲು, ಕುರುಚಲು. ವರ್ಷವಿಡೀ ಅವನು ಯಾರಿಗೆ ದೀಪ ತೋರಿಸುತ್ತಿದ್ದ? ಬಂಡೆಯ ಪಕ್ಕದ ನೆಲದಲ್ಲಿ ಕೊಡೆಯ ಮೊನೆ ಊರಿ ಊರಿ ಆದ ತೂತುಗಳು ಒತ್ತೊತ್ತಾಗಿದ್ದವು. ಅವುಗಳ ಮೇಲೂ ಗುದ್ದಲಿ ಹಾಕಿದ. ಕೆಲಸ ಅಂದಮೇಲೆ ಕೆಲಸ.

ನರ್ಸಮ್ಮನ ಮಾತು ನಿಂತಿರಲಿಲ್ಲ. “ತುಟಿ ನೀಲಿ ಆಗಿರೋದು ನೋಡಿ ಬೈದಿದ್ದೀನಿ. ಇದು ಹಾರ್ಟು ಕಣಮ್ಮ, ತೋರಿಸು ಅಂತ. ನಗೋರು. ‘ನಮ್ಮನೆಯವರಿಗೆ ಹೇಳಿದ್ರೆ ಅಂಗಡಿ ಬಾಗಿಲು ಹಾಕಿ ನನ್ನ ಮುಂದೆ ಕೂತುಬಿಡ್ತಾರೆ. ಹಬ್ಬದ ಸಮಯ ಮುಗೀಲಿ, ಮದುವೆ ಸಮಯ ಮುಗೀಲಿ’ ಅನ್ನೋರು. ನಾನೂ ಬೆನ್ನು ಹತ್ತಲಿಲ್ಲ. ಅದೇ ನನ್ನನ್ನ ಕೊರೀತಿದೆ.”

“ನನಗೆ ಹೇಳಲಿಲ್ಲ,” ಎಂದ ಕ್ಷೌರಿಕ.

ನರ್ಸಮ್ಮನ ಕೈಯಲ್ಲಿದ್ದ ಕೊಂಬೆ ಹಾಗೇ ನಿಂತಿತು. ಅವನ ಮುಖ ನೋಡಿದಳು, ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು ನೋಡಿದಳು.

“ಅಯ್ಯೋ, ನಿಮ್ಮ ಮನೆಯವರಾ?” ಅವಳ ಮುಖ ಅರಳಿತು, ಪಾಪ. “ಮೊದಲೇ ಹೇಳಬಾರದಾ. ಬರೋದು ನಿಂತಾಗಲೇ ಅಂದುಕೊಂಡೆ, ಕೊನೆಗೂ ಗಂಡ ಮನೇಲಿ ಕೂರಿಸಿಕೊಂಡಿರಬೇಕು ಅಂತ. ಹೇಗಿದ್ದಾರೆ ಈಗ? ತೋರಿಸಿದ್ರಾ?”

ತುದಿ ಹತ್ತುತ್ತಿದ್ದಳು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಗೆ ಬಂತು. ಆ ಮಾತನ್ನು ಈ ಹೆಂಗಸಿನ ಮುಂದೆ ಹೇಳುವ ಹಾಗಿಲ್ಲ; ಇನ್ನು ಯಾರ ಮುಂದೆಯೂ ಹೇಳುವ ಹಾಗಿಲ್ಲ. ಸಂಜೆ ಏಳಕ್ಕೆ, ಎಂಟಕ್ಕೆ, ಮನೆಯ ಮೆಟ್ಟಿಲಲ್ಲಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದವಳನ್ನು ಅವನು ದಾಟಿಕೊಂಡು ಒಳಗೆ ಹೋಗಿದ್ದ. ತುದಿ ಹತ್ತಿ ಬಂದಿದ್ದಾಳೆ, ಸುಸ್ತಾಗದೆ ಇನ್ನೇನು, ಎಂದುಕೊಂಡಿದ್ದ. ಒಂದು ದಿನವಲ್ಲ, ದಿನಾ.

ಗುದ್ದಲಿ ಕೆಳಗಿಟ್ಟ. ಬಂಡೆಯ ಮೇಲೆ ಕೂತ. ಮರಗಟ್ಟಿದ್ದ ಕಾಲಿಗೆ ರಕ್ತ ಹರಿದಾಗ ಆಗುವಂಥ ನೋವು ಮೈಯೆಲ್ಲ ಹರಡಿತು. ತಿಂಗಳುಗಳಾದ ಮೇಲೆ ಅವನಿಗೆ ಮೊದಲ ಸಲ ನೋವಾಯಿತು.

“ಇಲ್ಲ ನರ್ಸಮ್ಮ,” ಎಂದ. “ತೋರಿಸಲಿಲ್ಲ.”