ಒಂದು ಮೊಳೆಯಷ್ಟು ಜಾಗ

ರಾಚವ್ವನ ಖೋಲಿಯಲ್ಲಿ ಗೋಡೆಯ ಮೊಳೆಗಿದ್ದ ಬೆಲೆ ಹಾಸಿಗೆಗೂ ಇರಲಿಲ್ಲ. ಹಾಸಿಗೆ ಪಾಳಿಯ ಮೇಲೆ ಬದಲಾಗುತ್ತಿತ್ತು. ಒಬ್ಬ ಮಿಲ್ಲಿಗೆ ಹೋದರೆ ಅವನು ಬಿಟ್ಟ ಕಾವಿನಲ್ಲೇ ಇನ್ನೊಬ್ಬ ಮಲಗುತ್ತಿದ್ದ. ಮೊಳೆ ಹಾಗಲ್ಲ. ದಾದರಿನ ಆ ಚಾಳಿನಲ್ಲಿ ಅವಳ ಖಾನಾವಳಿಯಲ್ಲಿ ಉಂಡು ಅಲ್ಲೇ ಮಲಗುತ್ತಿದ್ದ ವಿಜಾಪುರದ ಕಡೆಯ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ಮೊಳೆ. ಅಂಗಿ, ಟೊಪ್ಪಿಗೆ, ಊರಿನ ಚೀಲ, ಎಲ್ಲ ಅದಕ್ಕೇ. ಇನ್ನೊಬ್ಬನ ಮೊಳೆಗೆ ಟವೆಲು ಹಾಕಿ ಹೊಡೆದಾಟವಾದದ್ದೂ ಉಂಟು. ಗಂಡ ಮುರಿಗೆಪ್ಪನಿಗೂ ಒಂದಿತ್ತು. ರಾಚವ್ವನಿಗಾಗಲಿ ಮಗಳಿಗಾಗಲಿ ಇರಲಿಲ್ಲ. ಇರಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಮಗಳಿಗೆ ಅಜ್ಜಿಯ ಹೆಸರು, ಬಸಲಿಂಗವ್ವ. ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ. ಅವಳ ಪಾಟಿ ಹಿಟ್ಟಿನ ಡಬ್ಬಿಯ ಹಿಂದೆ, ಪುಸ್ತಕ ಯಾರದೋ ಹಾಸಿಗೆಯ ಸುರುಳಿಯೊಳಗೆ, ಬರೆಯುವ ಟಾಕು ದೇವರ ಪಟದ ಹಿಂದೆ. ದಿನಾ ಬೆಳಿಗ್ಗೆ ಒಂದೇ ಕೂಗು.

"ಅವ್ವಾ, ಲೆಕ್ಕದ ಪುಸ್ತಕ ಎಲ್ಲೈತಿ?"

"ನನ್ನ ತಲಿಮ್ಯಾಲ ಐತಿ, ತಗೋ!"

ಒಂದು ದಿನ ಭೂಗೋಳದ ಪುಸ್ತಕದ ಹಾಳೆಗಳೇ ಮಾಯವಾದವು. ಬಾಡಿಗೆಯವರಲ್ಲಿ ಚಿಕ್ಕವನಾದ ಸಂಗಪ್ಪ ಅದು ರದ್ದಿಯೆಂದು ತಿಳಿದು ರೊಟ್ಟಿ ಸುತ್ತಿಕೊಂಡು ಮಿಲ್ಲಿಗೆ ಹೋಗಿದ್ದ. ಆ ಸಂಜೆ ವಿನೋದಿನಿ ಟೀಚರು ತಾವೇ ಚಾಳಿನ ಮೆಟ್ಟಿಲು ಹತ್ತಿ ಬಂದರು. ಉಡುಪಿಯ ಕಡೆಯವರು, ಮಾತು ನೇರ.

"ನೋಡಿ ರಾಚವ್ವ, ಹುಡುಗಿ ದಡ್ಡಿಯಲ್ಲ. ಆದರೆ ದಿನಾ ಒಂದಲ್ಲ ಒಂದು ಬಿಟ್ಟು ಬರುತ್ತಾಳೆ. ಇನ್ನೇನು ಪರೀಕ್ಷೆ ಬಂತು. ಹೀಗೇ ಆದರೆ ನಪಾಸೇ."

ನಪಾಸಾದರೆ ಸಾಲೆ ಬಿಡಿಸಿ ರೊಟ್ಟಿಗೆ ಕೂರಿಸುವುದೆಂದು ಮುರಿಗೆಪ್ಪ ಆಗಲೇ ಹೇಳಿದ್ದ. ರೊಟ್ಟಿಗೆ ಇನ್ನೆರಡು ಕೈ ಬೇಕೆಂಬುದು ರಾಚವ್ವನಿಗೆ ಗೊತ್ತಿತ್ತು, ಅವಳ ಸೊಂಟಕ್ಕೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೂ ಅವು ಮಗಳ ಕೈಗಳಾಗುವುದು ಅವಳಿಗೆ ಬೇಡವಾಗಿತ್ತು.

"ಏನ್ ಮಾಡ್ಲಿ ಅಕ್ಕೋರ?"

"ಒಂದು ಮೊಳೆ ಕೊಡಿ ಮಾರಾಯ್ರೆ. ಪುಸ್ತಕದ ಚೀಲ ಯಾವಾಗಲೂ ಅಲ್ಲೇ ಇರಲಿ. ಮಾರನೆಯ ದಿನದ್ದು ಸಂಜೆಯೇ ತುಂಬಿಸಬೇಕು. ನೀವಲ್ಲ, ಅವಳೇ."

"ನನಗ ಓದಾಕ ಬರಂಗಿಲ್ರಿ. ಬರಾಬರಿ ತುಂಬ್ಯಾಳೋ ಇಲ್ಲೋ ಹ್ಯಾಂಗ ತಿಳೀಬೇಕು?"

"ಒಂದೊಂದು ಹಾಕುವಾಗ ಬಾಯಿಬಿಟ್ಟು ಹೇಳಲಿ. ನೀವು ಕೇಳಿಸಿಕೊಳ್ಳಿ, ಸಾಕು."

ಒಂದು ಮೊಳೆ ಎಂದು ಟೀಚರು ಹೇಳಿದ್ದು ಕುಡಿಯಲು ನೀರು ಕೇಳಿದಷ್ಟು ಸಲೀಸಾಗಿ. ಅವರು ಇಳಿದು ಹೋದ ಮೇಲೆ ರಾಚವ್ವ ರುಬ್ಬುಗುಂಡನ್ನೇ ಎತ್ತಿ ಹೊಸ ಮೊಳೆ ಹೊಡೆಯಲು ನೋಡಿದಳು. ಗಾರೆ ಅಂಗೈಯಗಲ ಉದುರಿತು. ಆಚೆ ಖೋಲಿಯ ಮರಾಠಿ ಹೆಂಗಸು ಕಿರುಚಿದಳು: "ಅಗ ಬಾಯಿ, ಭಿಂತ ಪಾಡತೇಸ ಕಾ?" ಗೋಡೆ ಕೆಡವುವಷ್ಟು ಧೈರ್ಯ ರಾಚವ್ವನಿಗಿರಲಿಲ್ಲ.

ಇದ್ದ ಮೊಳೆಗಳನ್ನು ನೋಡುತ್ತ ನಿಂತಳು. ಕಿಟಕಿಯ ಪಕ್ಕದ್ದು ಎಲ್ಲರಿಗಿಂತ ಹಿರಿಯ ಶೆಟ್ಟೆಪ್ಪನದು. ಅದರಲ್ಲಿ ಅವನು ಊರಿಗೆ ಹೋಗುವಾಗ ಮಾತ್ರ ತೊಡುವ ಕರಿ ಕೋಟು ವರ್ಷವಿಡೀ ನೇತಾಡುತ್ತಿತ್ತು. ಅದನ್ನು ತೆಗೆದು ಝಾಡಿಸಿ, ಮಡಿಚಿ, ಅವನ ಟ್ರಂಕಿನ ಮೇಲಿಟ್ಟಳು. ಆ ಜಾಗಕ್ಕೆ ಮಗಳ ಚೀಲ ಹಾಕಿದಳು.

ಪಾಳಿ ಮುಗಿಸಿ ಬಂದ ಶೆಟ್ಟೆಪ್ಪ ಬಾಗಿಲಲ್ಲೇ ನಿಂತ.

"ನನ್ನ ಕೋಟು?"

"ಟ್ರಂಕಿನ ಮ್ಯಾಲ ಐತ್ರಿ ಕಾಕಾ."

"ನಿನ್ನ ಮಗಳು ಹುಟ್ಟೂಕಿಂತ ಮೊದಲ ಆ ಮೊಳಿ ನಂದು."

"ಹೌದ್ರಿ."

"ಮತ್ತ?"

"ಕೋಟು ಪರೀಕ್ಷಾಕ್ಕ ಕೂಡ್ರಂಗಿಲ್ಲಲ್ರಿ."

ಸಂಗಪ್ಪ ಉಣ್ಣುತ್ತಿದ್ದವನು ನಕ್ಕ. "ಕೂತ್ರೂ ಪಾಸ್ ಆಗಂಗಿಲ್ಲ ಬಿಡು ಕಾಕಾ, ಅದಕ್ಕ ಭೂಗೋಳ ಬರಂಗಿಲ್ಲ."

"ಬಾಯಿ ಮುಚ್ಕೊಂಡು ಉಣ್ಣಲೇ, ಹಾಳಿ ಕಳ್ಳ," ಎಂದ ಶೆಟ್ಟೆಪ್ಪ. ಅವನು ನಗಲಿಲ್ಲ. ಭಾನುವಾರ ಟ್ರಂಕು ಹೆಗಲಿಗೇರಿಸಿ ಪಕ್ಕದ ಚಾಳಿನ ಖಾನಾವಳಿಗೆ ಹೋದ. ಹೋಗುವಾಗ ರಾಚವ್ವನ ಕಡೆ ನೋಡಲಿಲ್ಲ.

"ಒಂದು ಮೊಳಿ ಸಲುವಾಗಿ ಮನಶ್ಯಾನ್ನ ಕಳದಿ," ಎಂದ ಮುರಿಗೆಪ್ಪ.

"ನಿಮ್ಮದು ಕೊಡ್ರಿ. ಈಗಿಂದೀಗ ಹೋಗಿ ಕರಕೊಂಡು ಬರ್ತೀನಿ."

ಮುರಿಗೆಪ್ಪ ತನ್ನ ಮೊಳೆಯ ಮೇಲಿನ ಅಂಗಿಯನ್ನು ನೋಡಿ ಕೈತೊಳೆಯಲು ಎದ್ದ.

ಮೊಳೆ ಸಿಕ್ಕ ಮಾತ್ರಕ್ಕೆ ಹುಡುಗಿ ಸುಧಾರಿಸಲಿಲ್ಲ. ಸಂಜೆ ತಾಯಿ ರೇಷನ್ನಿನ ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು, "ಪಾಟಿ, ಪುಸ್ತಕ, ಟಾಕು," ಎಂದು ಪಾಠ ಒಪ್ಪಿಸಿದಂತೆ ಒಪ್ಪಿಸಿ ಆಟಕ್ಕೆ ಓಡುತ್ತಿದ್ದಳು. ಚೀಲದಲ್ಲಿ ಟಾಕು ಇರುತ್ತಿರಲಿಲ್ಲ. ಒಂದು ದಿನ ಸಾಲೆಯಲ್ಲಿ ಬೆಂಚಿನ ಮೇಲೆ ನಿಂತು ಬಂದಳು. ಬೈಯಬೇಕೆಂದಿದ್ದ ರಾಚವ್ವ ಹಾಗೆ ಮಾಡದೆ, "ಇನ್ನ ಮ್ಯಾಲ ಎತ್ತಿ ತೋರ್ಸಿ ಹೇಳು," ಎಂದಳು. ಮರುದಿನದಿಂದ ರೊಟ್ಟಿಯ ಸಪ್ಪಳ ನಿಲ್ಲುವುದು, ಒಂದು ಸಾಮಾನು ಮೇಲೇಳುವುದು, ರಾಚವ್ವ ತಲೆಯಾಡಿಸುವುದು, ಮತ್ತೆ ಸಪ್ಪಳ. ರೊಟ್ಟಿ ತಡವಾಗುತ್ತಿತ್ತು. ಗಂಡಸರು ಗೊಣಗುತ್ತಿದ್ದರು. ಕೊನೆಕೊನೆಗೆ ತಾಯಿ ತಲೆಯೆತ್ತದಿದ್ದರೂ ಹುಡುಗಿ ತನ್ನಷ್ಟಕ್ಕೆ ಎತ್ತಿ ನೋಡಿ ಇಡುತ್ತಿದ್ದಳು.

ಪರೀಕ್ಷೆಯ ಬೆಳಿಗ್ಗೆ ಯಾವ ಕೂಗೂ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ರಾಚವ್ವ ತಿರುಗಿ ನೋಡಿದಾಗ ಹುಡುಗಿ ಚೀಲ ಹೆಗಲಿಗೆ ಹಾಕಿ ಖೋಲಿಗಳ ಮುಂದಿನ ಗ್ಯಾಲರಿಯ ತುದಿ ಮುಟ್ಟಿದ್ದಳು.

ಅದೇ ಹೊತ್ತಿಗೆ ಮುರಿಗೆಪ್ಪ ಒಬ್ಬನನ್ನು ಕರೆತಂದ. ಕಾಶಪ್ಪ, ವಿಜಾಪುರದ ಇಂಡಿ ತಾಲೂಕಿನವನು, ಊಟಕ್ಕೂ ಮಲಗಲಿಕ್ಕೂ ಜಾಗ ಬೇಕಂತೆ. ಶೆಟ್ಟೆಪ್ಪ ಹೋದಾಗಿನಿಂದ ಖಾನಾವಳಿಗೆ ಇನ್ನೊಬ್ಬ ಬೇಕೇ ಬೇಕಾಗಿದ್ದ. ರಾಚವ್ವ ನೀರು ಕೊಟ್ಟಳು.

"ಊಟಕ್ಕ ಬರ್ರಿ. ಮಲಗಾಕೂ ಜಾಗ ಐತಿ. ಮೊಳಿ ಒಂದಿಲ್ಲ ನೋಡ್ರಿ."

ಕಾಶಪ್ಪ ಕಿಟಕಿಯ ಪಕ್ಕ ಕೈ ತೋರಿದ. "ಅಲ್ಲೊಂದು ಖಾಲಿ ಐತಲ್ಲವ್ವ?"

ಮುರಿಗೆಪ್ಪ ಬಾಯಿ ತೆರೆದ. ರಾಚವ್ವ ಅವನಿಗಿಂತ ಮೊದಲೇ ಹೇಳಿದಳು:

"ಅದರ ಮಾಲಕಿ ಸಾಲಿಗೆ ಹೋಗ್ಯಾಳ್ರಿ."