ಒಂಬತ್ತನೇ ನಂಬರಿನ ಕೊನೆಯ ತಗಡು

ನಟ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಏಣಿಯ ಮೇಲಿದ್ದ ಭಾವ ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿದರು. ಕೆಳಗೆ ಏಣಿ ಹಿಡಿದು ನಿಂತಿದ್ದ ಅವಳು ಕೂಗಿದಳು.

"ಮೆಲ್ಲಗೆ ಭಾವಾ, ತಗಡು ಬಗ್ಗೀತು!"

"ಭಾವ ಬಿದ್ದಾರು ಅನ್ನೋದಿಲ್ಲ, ತಗಡು ಬಗ್ಗೀತಂತೆ," ಎಂದರು ಭಾವ, ಆಕಾಶಕ್ಕೆ ದೂರು ಕೊಡುವವರಂತೆ. "ನಿಮ್ಮಕ್ಕ ನಿನಗೆ ತಗಡಮ್ಮ ಅಂತ ಸುಮ್ಮನೆ ಹೆಸರಿಟ್ಟಿಲ್ಲ."

ಅವಳು ನಗದೆ ರಸ್ತೆಯ ಎರಡೂ ಕಡೆ ನೋಡಿದಳು. ಬಸ್ ಕಂಪನಿಯ ಅನುಮತಿ ಚೀಟಿ ಬ್ಯಾಗಿನಲ್ಲಿ ಭದ್ರವಾಗಿತ್ತು. ಆದರೂ ಯಾರಾದರೂ ಬಂದು ಏನು ಮಾಡ್ತಿದ್ದೀರಿ ಅಂದರೆ ಮೊದಲು ಏನು ಹೇಳಬೇಕೆಂದು ಒಳಗೊಳಗೇ ತಿದ್ದಿ ತಿದ್ದಿ ಸಿದ್ಧಮಾಡಿಕೊಳ್ಳುತ್ತಿದ್ದಳು. ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ಪಡೆಯುವ ಕೆಲಸದವಳು; ಒಂದು ಪುಸ್ತಕ ತಪ್ಪು ಕಪಾಟಿನಲ್ಲಿದ್ದರೂ ಮನೆಗೆ ಹೋದ ಮೇಲೆ ಊಟ ಸೇರುತ್ತಿರಲಿಲ್ಲ. ಅಂಥವಳಿಗೆ ಬಸ್ ಸ್ಟಾಪಿನ ತಗಡುಗಳ ಹುಚ್ಚು ಹೇಗೆ ಹಿಡಿಯಿತೆಂದು ಅಕ್ಕನಿಗೆ ಇವತ್ತಿಗೂ ತಿಳಿದಿಲ್ಲ.

ಒಂಬತ್ತನೇ ನಂಬರಿನ ಬಸ್ಸು ಪೇಟೆಯಿಂದ ಹೊರಟು ಗುಡ್ಡ ಹತ್ತಿ ಕಲ್ಲಿನ ಗಣಿಯವರೆಗೆ ಹೋಗುತ್ತಿತ್ತು. ಗಣಿ ಮುಚ್ಚಿತು, ಬಸ್ಸೂ ನಿಂತಿತು, ಸ್ಟಾಪುಗಳ ಹೆಸರು ಬರೆದ ತಗಡುಗಳು ದಿಕ್ಕಾಪಾಲಾದವು. ಎಂಟು ವರ್ಷ ಅವಳು ಅವುಗಳ ಬೆನ್ನು ಬಿದ್ದಿದ್ದಳು. 'ಇಟ್ಟಿಗೆ ಗೂಡು' ಗುಜರಿ ಅಂಗಡಿಯಲ್ಲಿ ಸಿಕ್ಕಿತು. 'ಹಳೇ ಗಿರಣಿ' ಯಾರದೋ ಕೋಳಿಗೂಡಿನ ಸೂರಾಗಿತ್ತು. ಉಳಿದದ್ದು ಇದೊಂದೇ, 'ಇಳಿಜಾರು ತಿರುವು', ಅದೂ ತನ್ನ ಕಂಬದ ಮೇಲೆಯೇ. ಪೇಟೆಯ ಹೊಸ ಬಸ್ ನಿಲ್ದಾಣದಲ್ಲಿ ಒಂದು ಇಡೀ ಗೋಡೆ ಅವಳ ತಗಡುಗಳಿಗಾಗಿ ಖಾಲಿಯಿತ್ತು. "ಆದರೆ ಒಂದೂ ಕಮ್ಮಿ ಇರಬಾರದು ಮೇಡಂ," ಅಂದಿದ್ದರು ಮ್ಯಾನೇಜರು. "ಅರ್ಧಂಬರ್ಧ ಮಾರ್ಗ ತೂಗುಹಾಕಿದ್ರೆ ಜನ ನಗ್ತಾರೆ. ಪೂರ್ತಿ ತನ್ನಿ, ಗೋಡೆ ನಿಮ್ದು. ಇಲ್ದಿದ್ರೆ ಸೋಮವಾರ ಜಾಹೀರಾತಿನವರಿಗೆ ಕೊಡ್ತೀನಿ."

ನಟ್ಟು ಕಿರ್ರೆಂದು ತಿರುಗಿತು. ತಗಡು ಕಳಚಿ ಅವಳ ಕೈಗೆ ಬಂತು. ಹೊತ್ತೇರಿದ ಬಿಸಿಲಿಗೆ ಬೆಚ್ಚಗಿತ್ತು. ನೀಲಿಯ ಮೇಲೆ ಬಿಳಿ ಅಕ್ಷರ, ನಿನ್ನೆ ಬರೆದಂತೆ.

"ನೋಡಿ ಭಾವಾ, ಆ ಕಾಲದ ಬಣ್ಣ! ಇಷ್ಟು ವರ್ಷದ ಮಳೆ ಬಿಸಿಲಿಗೂ ಮಾಸಿಲ್ಲ. ಉಳಿದ ಯಾವುದೂ ಹೀಗಿಲ್ಲ."

"ಡಿಪೋದಲ್ಲಿ ನಮಗೆ ಬಸ್ಸಿಗೇ ಇಂಥ ಬಣ್ಣ ಕೊಡ್ಲಿಲ್ಲ," ಎನ್ನುತ್ತ ಭಾವ ಇಳಿದರು. ಮೂವತ್ತು ವರ್ಷ ಬಸ್ಸಿನಡಿ ಮಲಗಿ ನಿವೃತ್ತರಾದ ಮೆಕ್ಯಾನಿಕ್ ಅವರು. ಅವರ ಮಾತಿನಲ್ಲಿ ಸಣ್ಣ ಅನುಮಾನವಿತ್ತು. ಅವಳ ಕಿವಿಗೆ ಅದು ಬೀಳಲಿಲ್ಲ.

ತಗಡನ್ನು ಕಂಬಳಿಯಲ್ಲಿ ಸುತ್ತಿ ವ್ಯಾನಿನಲ್ಲಿಡುವಷ್ಟರಲ್ಲಿ ಕಾಲುದಾರಿಯಿಂದ ಇಬ್ಬರು ಬಂದರು. ಮುಂದೆ ಕೈಚೀಲ ಹಿಡಿದ ಒಬ್ಬ ಅಜ್ಜಿ, ಹಿಂದೆ ಹೊಲಿಗೆ ಯಂತ್ರದ ತಲೆಯನ್ನು ಹೆಗಲ ಮೇಲೆ ಹೊತ್ತ ದರ್ಜಿ. ಇಬ್ಬರೂ ನೇರ ಕಂಬದ ಕೆಳಗೆ ಬಂದು ನಿಂತರು, ಬಸ್ಸು ಇನ್ನೇನು ಬಂತು ಅನ್ನುವ ಹಾಗೆ.

"ಅಜ್ಜಿ, ಇಲ್ಲಿ ಬಸ್ ಬರಲ್ಲ," ಎಂದಳು ಅವಳು ಮೆತ್ತಗೆ.

"ಗೊತ್ತಮ್ಮ. ನನ್ನ ಹಲ್ಲು ಇದ್ದಾಗಲೇ ನಿಂತೋಯ್ತು ಅದು."

ಅಷ್ಟರಲ್ಲಿ ತಿರುವಿನಲ್ಲಿ ಟೆಂಪೊ ಒಂದು ಕಾಣಿಸಿತು. ಅಜ್ಜಿ ಕೈ ಎತ್ತಲಿಲ್ಲ, ದರ್ಜಿ ಕೂಗಲಿಲ್ಲ. ಹತ್ತಲು ಸಿದ್ಧರಾಗಿ ಒಂದು ಹೆಜ್ಜೆ ಮುಂದೆ ಬಂದರು, ಅಷ್ಟೇ. ಟೆಂಪೊ ಇಳಿಜಾರಿನ ರಭಸದಲ್ಲೇ ಧೂಳೆಬ್ಬಿಸಿ ಹೊರಟುಹೋಯಿತು.

ದರ್ಜಿ ಬೆರಗಾಗಿ ಅದರ ಬೆನ್ನು ನೋಡಿದ. ಆಮೇಲೆ ತಲೆಯೆತ್ತಿ ಕಂಬ ನೋಡಿದ.

"ಅಯ್ಯೋ, ಬೋರ್ಡೆಲ್ಲಿ?"

ಅವಳು ಸಿದ್ಧಮಾಡಿಕೊಂಡ ಮಾತೆಲ್ಲ ಹಾರಿಹೋಗಿ, "ನಾನೇ ತೆಗೆಸಿದೆ," ಎಂಬುದಷ್ಟೇ ಹೊರಬಂತು.

ದರ್ಜಿ ರೇಗಲಿಲ್ಲ. ಯಂತ್ರವನ್ನು ಕಲ್ಲಿನ ಮೇಲಿಟ್ಟು, ದಾರಿ ತಪ್ಪಿದವರಿಗೆ ಹೇಳುವಂತೆ ಬಿಡಿಸಿ ಹೇಳಿದ. ಇಳಿಜಾರಿನಲ್ಲಿ ಬರುವ ಗಾಡಿ ತಿರುವಿನಲ್ಲೇ ಬ್ರೇಕು ಹಿಡಿಯಬೇಕು. ಅಲ್ಲಿಂದ ಮನುಷ್ಯರು ಕಾಣುವುದಿಲ್ಲ, ನೀಲಿ ಬೋರ್ಡು ಕಾಣುತ್ತದೆ. ಬೋರ್ಡು ಕಂಡೊಡನೆ ಗಾಡಿ ನಿಧಾನ ಮಾಡಿ ಕೆಳಗೆ ಯಾರಾದರೂ ಇದ್ದಾರೆಯೇ ನೋಡುತ್ತಾರೆ. ಇದ್ದರೆ ಹತ್ತಿಸಿಕೊಳ್ಳುತ್ತಾರೆ. ಹಾಲಿನ ವ್ಯಾನು, ಲಾರಿ, ಒಮ್ಮೆ ಮದುವೆ ಗಂಡಿನ ಕಾರು ಕೂಡ.

"ಗಂಡಿನ ತೊಡೆ ಮೇಲೆ ಕೂತು ಹೋದೆ ಅಂತ ಇವನೇ ಊರೆಲ್ಲ ಹೇಳ್ಕೊಂಡ್ ಬಂದಿದ್ದ," ಎಂದಳು ಅಜ್ಜಿ.

"ಪಕ್ಕದಲ್ಲಿ ಅಜ್ಜಿ, ಪಕ್ಕದಲ್ಲಿ!"

"ದುಡ್ಡು?" ಭಾವ ಕೇಳಿದರು.

"ದುಡ್ಡು ಯಾಕೆ? ಅವರು ಆ ಕಡೆ ತಾನೆ ಹೋಗ್ತಿರೋದು?"

"ಹೀಗೆ ನಿಲ್ಲಿಸಬೇಕು ಅಂತ ಯಾರು ಹೇಳಿದ್ದು?" ಎಂದಳು ಅವಳು. ದನಿ ಅವಳಿಗೇ ಅಪರಿಚಿತವಾಗಿತ್ತು.

ದರ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರು ಹೇಳ್ತಾರಮ್ಮ? ಬೋರ್ಡಿನ ಕೆಳಗೆ ಜನ ಇದ್ರೆ ನಿಲ್ಲಿಸ್ಬೇಕಲ್ವಾ? ಅದಕ್ಕೇ ವರ್ಷಕ್ಕೊಂದ್ಸಲ ಬಣ್ಣ ಬಳಿಯೋದು. ಹೋದ ವರ್ಷದ ಪಾಳಿ ನಂದು. 'ರು' ಸ್ವಲ್ಪ ಸೊಟ್ಟ ಆಯ್ತು, ನೋಡಿರ್ಬೇಕಲ್ಲ ನೀವು."

ಭಾವ ಅವಳ ಮುಖ ನೋಡಿದರು; ಮರ್ಯಾದೆಗೆ ನಗಲಿಲ್ಲ. ಆ ಸೊಟ್ಟ 'ರು'ವನ್ನು ಅವಳು ಹಳೆಯ ಕೈಬರಹದ ಚೆಲುವೆಂದು, ಹಿಂದೆ ತೆಗೆದಿದ್ದ ಫೋಟೋದಲ್ಲಿ ಎಷ್ಟು ಸಲ ಹಿಗ್ಗಿಸಿ ನೋಡಿದ್ದಳೋ.

"ನಮ್ಮ ವ್ಯಾನಲ್ಲೇ ಬಿಡ್ತೀವಿ, ಹತ್ತಿ ಅಜ್ಜಿ," ಎಂದರು ಭಾವ.

"ಹತ್ತೋಣ ಬಿಡಪ್ಪ. ನಮ್ಮ ಮುದುಕನನ್ನ ಇವತ್ತು ಆಸ್ಪತ್ರೆಯಿಂದ ಬಿಡ್ತಾರೆ. ಹೊತ್ತಾದ್ರೆ ನರ್ಸಮ್ಮನ ಜೊತೆ ಜಗಳಕ್ಕೆ ನಿಲ್ತಾನೆ." ಅಜ್ಜಿ ಬೋಳು ಕಂಬವನ್ನು ಇನ್ನೊಮ್ಮೆ ನೋಡಿದಳು. "ನಾಳೆ ಬರೋರು ಏನ್ಮಾಡ್ತಾರೋ."

ಅವಳು ವ್ಯಾನಿನ ಬಾಗಿಲು ತೆರೆದಳು. ಕಂಬಳಿ ಬಿಚ್ಚಿ ತಗಡನ್ನು ಎದೆಗಾನಿಸಿ ಹಿಡಿದು ಒಂದು ಗಳಿಗೆ ನಿಂತಳು.

"ಏಣಿ ಇಳಿಸಿ ಭಾವಾ."

"ಗೋಡೆ ಕಥೆ?"

"ಏಣಿ, ಭಾವಾ."

ಈ ಸಲ ತಾನೇ ಹತ್ತಿದಳು. ಏಣಿ ಅಂದರೆ ತಲೆತಿರುಗುವವಳು, ಒಂದೊಂದೇ ಮೆಟ್ಟಿಲು ಬಿಗಿಯಾಗಿ ಹಿಡಿದು ಹತ್ತಿದಳು. ದರ್ಜಿ ತಿರುವಿನವರೆಗೆ ಹೋಗಿ ನಿಂತು, "ಇನ್ನೊಂಚೂರು ಎಡಕ್ಕೆ! ಸಾಕು, ಕಾಣ್ತು!" ಎಂದು ಕೂಗಿದ. ನಟ್ಟು ಬಿಗಿದು ಇಳಿದು, ಕೈಯ ತುಕ್ಕನ್ನು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಲಾರಿಯೊಂದು ತಿರುವಿಗೆ ಬಂತು. ಅದರ ಸದ್ದು ತಗ್ಗಿತು. ಮೆಲ್ಲಗೆ ಉರುಳಿ ಬಂದು, ಅವಳ ಮುಂದೆಯೇ ನಿಂತಿತು. ಒಳಗಿನಿಂದ ಡ್ರೈವರು ಬಗ್ಗಿ ಬಾಗಿಲು ತಳ್ಳಿದ.

"ಮೂರು ಜನಾನಾ? ಹತ್ತಿ, ಜಾಗ ಇದೆ."

"ನಾನಲ್ಲ, ನಮ್ಮ ಗಾಡಿ ಇದೆ..." ಎಂದು ಅವಳು ತಡವರಿಸಿದಳು.

"ಹೋಗೇ," ಎಂದರು ಭಾವ. "ಎಂಟು ವರ್ಷದಿಂದ ಈ ಬಸ್ಸಿಗೆ ತಾನೆ ಕಾದಿದ್ದು? ನಾನು ಹಿಂದೆ ಬರ್ತೀನಿ."

ಅಜ್ಜಿ ಮೊದಲು, ಆಮೇಲೆ ದರ್ಜಿ ಮತ್ತು ಅವನ ಯಂತ್ರ, ಬಾಗಿಲ ಪಕ್ಕ ಅವಳು. ಲಾರಿ ಗುಡ್ಡ ಇಳಿಯಿತು. ನಕ್ಷೆಯಲ್ಲಿ ಪೆನ್ಸಿಲಿನಿಂದ ತಿದ್ದಿ ತಿದ್ದಿ ಬಾಯಿಪಾಠವಾಗಿದ್ದ ದಾರಿ ಎತ್ತರದ ಗಾಜಿನಲ್ಲಿ ಅಗಲವಾಗಿ ಬಿಚ್ಚಿಕೊಂಡಿತು. ಹಳೇ ಗಿರಣಿಯ ಹತ್ತಿರ ಡ್ರೈವರು ಗಾಡಿ ನಿಧಾನ ಮಾಡಿದ. ಅವಳು ಎಡಕ್ಕೆ ನೋಡಿದಳು. ಅಲ್ಲೊಂದು ಮರಕ್ಕೆ ಹಳೆಯ ಟೈರನ್ನು ತೂಗುಹಾಕಿದ್ದರು. ಬೆಳಿಗ್ಗೆ ಹತ್ತಿ ಬರುವಾಗ ಪಂಕ್ಚರ್ ಅಂಗಡಿಯೆಂದುಕೊಂಡಿದ್ದಳು. ಟೈರಿನ ನಡುವೆ ಹಲಗೆ, ಹಲಗೆಯ ಮೇಲೆ ಸುಣ್ಣದಲ್ಲಿ ಬರೆದ ೯. ಕೆಳಗೆ ಯಾರೂ ಇರಲಿಲ್ಲ. ಡ್ರೈವರು ಗೇರು ಬದಲಿಸಿದ.

ಮುಂದಿನದು ಎಣ್ಣೆ ಡಬ್ಬದ ಮುಚ್ಚಳ. ಅದರ ಮುಂದಿನದು ಯಾರದೋ ಮನೆಯ ಕಿಟಕಿ ಬಾಗಿಲು, ನೀಲಿ ಬಳಿದದ್ದು. ಅವಳು ಒಂದೊಂದೇ ಸ್ಟಾಪಿನ ಹೆಸರನ್ನು ತುಟಿಯಲ್ಲೇ ಅಂದುಕೊಂಡಳು. ಒಂದೂ ಕಮ್ಮಿ ಇರಲಿಲ್ಲ.

ಇಟ್ಟಿಗೆ ಗೂಡಿನ ಬಳಿ, ಗಳುವಿನ ತುದಿಯಲ್ಲಿ ತಳ ತೂತಾದ ಬಾಣಲೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ನೆರಳಿನಲ್ಲಿ ಮೈತುಂಬ ಕೆಂಪು ಧೂಳು ಮೆತ್ತಿದ ಹೆಂಗಸೊಬ್ಬಳು ಬುತ್ತಿ ಡಬ್ಬಿ ಹಿಡಿದು ನಿಂತಿದ್ದಳು. ಲಾರಿ ನಿಂತಿತು. ಅಜ್ಜಿ ಕೈಚೀಲವನ್ನು ತೊಡೆಗೆ ಎಳೆದುಕೊಂಡಳು, ದರ್ಜಿ ಯಂತ್ರವನ್ನು ಕಾಲ ಸಂದಿಗೆ ಸರಿಸಿದ.

ಅವಳು ಬಾಗಿಲು ತೆರೆದು, ಆ ಹೆಂಗಸಿಗೆ ಜಾಗವಾಗುವಂತೆ ಒಳಗೆ ಸರಿದು ಕೂತಳು.